ಬೇಸಿಗೆ ರಜೆಗೆ ಟೆಂಟ್ ಕಟ್ಟಿಕೊಂಡು ದಾವಣಗೆರೆ–ದುರ್ಗ ಸುತ್ತು: ಎಲ್ಲಿ ನಿಲ್ಲೋದು, ಎಲ್ಲಿ ಮಲಗೋದು?

ಬಾತಿಗುಡ್ಡ:
ಎಲ್ಲರಿಗೂ ನಮಸ್ಕಾರ. ಏಪ್ರಿಲ್ ಕೊನೆಗೆ ಮಕ್ಕಳನ್ನು ಕರೆದುಕೊಂಡು ಕಾರಲ್ಲಿ ಹೊರಡೋಣ ಅಂತಿದ್ದೇವೆ. ಈ ಸಲ ಚಿಕ್ಕಮಗಳೂರು, ಮಡಿಕೇರಿ ಬೇಡ. ರಜೆ ಬಂತು ಅಂದರೆ ಊರಿಗೆ ಊರೇ ಘಾಟಿ ಹತ್ತುತ್ತದೆ. ನಮ್ಮ ಎರಡು ಜಿಲ್ಲೆಗಳನ್ನೇ ನಿಧಾನಕ್ಕೆ ನೋಡಬೇಕು ಅಂತ ಆಸೆ. ನಾನು, ನಮ್ಮನೆಯವರು, ಇಬ್ಬರು ಮಕ್ಕಳು, ಜೊತೆಗೆ ನಮ್ಮ ಅತ್ತೆ. ಎರಡು ಟೆಂಟ್, ಒಂದು ಸಣ್ಣ ಗ್ಯಾಸ್ ಒಲೆ ಇದೆ.

ಅಂದುಕೊಂಡಿರುವ ದಾರಿ: ದಾವಣಗೆರೆ, ಸಂತೇಬೆನ್ನೂರು, ಸೂಳೆಕೆರೆ, ಹೊಳಲ್ಕೆರೆ, ಚಿತ್ರದುರ್ಗ, ಮಾರಿಕಣಿವೆ, ಚಳ್ಳಕೆರೆ, ಬ್ರಹ್ಮಗಿರಿ, ಜಗಳೂರು ಮೇಲೆ ವಾಪಸ್. ಮೂರು ರಾತ್ರಿ.

ಸೂಳೆಕೆರೆ ದಡ, ಜೋಗಿಮಟ್ಟಿ, ರಂಗಯ್ಯನದುರ್ಗ ಈ ಮೂರು ಕಡೆ ಟೆಂಟ್ ಹಾಕಬಹುದಾ? ದಾರಿಯಲ್ಲಿ ಇಳಿದು ಮಕ್ಕಳಿಗೆ ಮರ, ಹಕ್ಕಿ, ಬಂಡೆ ತೋರಿಸೋಕೆ ಎಲ್ಲಿ ಚೆನ್ನ? ಅತ್ತೆಗೆ ಮಂಡಿ ನೋವು. ಜಾಸ್ತಿ ಹತ್ತಿಳಿಯೋದು ಆಗಲ್ಲ.

ಪೀಣ್ಯದ ದುರ್ಗದವ:
ಏಪ್ರಿಲ್ ಕೊನೆಗೆ ಬಯಲುಸೀಮೆಯಲ್ಲಿ ಟೆಂಟಾ? ನಾನು ಹುಟ್ಟಿ ಬೆಳೆದಿದ್ದು ದುರ್ಗದಲ್ಲೇ, ಅದಕ್ಕೇ ಹೇಳುತ್ತಿದ್ದೇನೆ. ಮಧ್ಯಾಹ್ನ 40ರ ಹತ್ತಿರ ಬಿಸಿಲು. ನೋಡೋಕೆ ಬಳ್ಳಾರಿ ಜಾಲಿ, ಗಾಳಿಯಂತ್ರ. ಆಗುಂಬೆ ಕಡೆ ಹೋಗಿ ಮೇಡಂ. ವಯಸ್ಸಾದವರನ್ನು ಬಿಸಿಲಲ್ಲಿ ಸುತ್ತಿಸಬೇಡಿ.

ನೀಲಕಂಠ:
ಬಿಸಿಲಿನ ಮಾತು ಒಪ್ಪುತ್ತೇನೆ. ನೋಡೋಕೆ ಏನೂ ಇಲ್ಲ ಅನ್ನೋದನ್ನು ಖಂಡಿತ ಒಪ್ಪಲ್ಲ. ಏಪ್ರಿಲ್‌ನಲ್ಲಿ ನಮ್ಮ ಕಡೆ ಹೊಂಗೆ ಪೂರ್ತಿ ಹೊಸ ಎಲೆ, ಕೆಳಗೆಲ್ಲ ಹೂವಿನ ಹಾಸು. ಕಕ್ಕೆ ಮರ ಎಲೆ ಉದುರಿಸಿ ಹಳದಿ ಗೊಂಚಲು ಇಳಿಬಿಟ್ಟಿರುತ್ತದೆ. ಗುಡ್ಡದ ಪೊದೆಗಳಲ್ಲಿ ಕವಳೆ ಕಾಯಿ ಹಣ್ಣಾಗೋಕೆ ಶುರು. ಕರೆಂಟ್ ತಂತಿ ಮೇಲೆ ಕೂತ ನೀಲಕಂಠ ಹಾರಿದಾಗ ರೆಕ್ಕೆ ನೋಡಿ, ಆ ನೀಲಿ ಬೇರೆಲ್ಲೂ ಸಿಗಲ್ಲ. ಅದು ನಮ್ಮ ರಾಜ್ಯದ ಹಕ್ಕಿ. ಅದನ್ನು ನೋಡೋಕೆ ಘಾಟಿ ಹತ್ತಬೇಕಾಗಿಲ್ಲ, ಹೊಲದ ಬದಿಯಲ್ಲಿ ಕಾರು ನಿಲ್ಲಿಸಿದರೆ ಸಾಕು.

ಬೆಳಗ್ಗೆ ಐದೂವರೆಯಿಂದ ಒಂಬತ್ತು, ಸಂಜೆ ಐದರಿಂದ ಕತ್ತಲಾಗುವವರೆಗೆ. ಅಷ್ಟೇ ನಿಮ್ಮ ಓಡಾಟ. ನಡುವೆ ಎಲ್ಲಾದರೂ ನೆರಳು ಹಿಡಿದು ಮಲಗಿಬಿಡಿ. ಹಕ್ಕಿಗಳು ಮಾಡೋದೂ ಅದನ್ನೇ.

ಕಮರದ ನೆರಳು:
ತಂಗೀ, ಅರಣ್ಯದ ಕೆಲಸ ಮಾಡಿ ನಿವೃತ್ತಿಯಾದವನು ನಾನು. ನಿಮ್ಮ ಪ್ರಶ್ನೆಗೆ ನೇರವಾಗಿ ಉತ್ತರಿಸುತ್ತೇನೆ.

ಜೋಗಿಮಟ್ಟಿ 2015ರಿಂದ ವನ್ಯಜೀವಿ ಧಾಮ. ರಂಗಯ್ಯನದುರ್ಗ 2011ರಲ್ಲಿ ಕೊಂಡುಕುರಿ ಅನ್ನೋ ಹುಲ್ಲೆಗಾಗಿ ಮಾಡಿದ ಧಾಮ. ಎರಡರಲ್ಲೂ ನಿಮ್ಮಷ್ಟಕ್ಕೆ ನೀವು ಟೆಂಟ್ ಹಾಕುವಂತಿಲ್ಲ. 1972ರ ವನ್ಯಜೀವಿ ಕಾಯ್ದೆಯ 27ನೇ ಕಲಂ ಪ್ರಕಾರ ಒಳಗೆ ಹೋಗೋಕೇ ಅನುಮತಿ ಬೇಕು. ಬೆಂಕಿ ಹಾಕೋದು 30ನೇ ಕಲಂನಲ್ಲಿ ನಿಷೇಧ. ಹಗಲು ನೋಡಿಕೊಂಡು ಬರೋಕೆ ಆಯಾ ವಲಯ ಅರಣ್ಯ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ. ಬೇಸಿಗೆಯಲ್ಲಿ ಕಾಡುಬೆಂಕಿ ಭಯಕ್ಕೆ ಒಮ್ಮೊಮ್ಮೆ ಪೂರ್ತಿ ಬಂದ್ ಮಾಡುತ್ತಾರೆ.

ಕಾನೂನಿಗಿಂತ ದೊಡ್ಡ ಕಾರಣ ನೀರು. ಕೊಂಡುಕುರಿ ನಾಚಿಕೆಯ ಪ್ರಾಣಿ. ಒಂಟಿಯಾಗಿಯೋ ಜೋಡಿಯಾಗಿಯೋ ಇರುತ್ತದೆ. ಗಂಡಿಗೆ ನಾಲ್ಕು ಕೊಂಬು: ಹಿಂದಿನ ಜೋಡಿ ಉದ್ದ, ಮುಂದಿನದು ಚಿಕ್ಕದು. ಅದು ನೀರು ಬಿಟ್ಟು ಬಹಳ ದಿನ ಇರಲ್ಲ. ಏಪ್ರಿಲ್, ಮೇನಲ್ಲಿ ಹಳ್ಳ ಬತ್ತಿ ಅಲ್ಲೊಂದು ಇಲ್ಲೊಂದು ಗುಂಡಿಯಲ್ಲಿ ನೀರು ಉಳಿದಿರುತ್ತದೆ. ಕರಡಿ, ಚಿರತೆ, ಕಾಡುಹಂದಿ, ಎಲ್ಲವೂ ರಾತ್ರಿ ಅಲ್ಲಿಗೇ ಬರಬೇಕು. ನೀರು ಹತ್ತಿರ ಇದೆ, ತಂಪಾಗಿದೆ ಅಂತ ನಾವು ಟೆಂಟ್ ಹಾಕಿ ಲೈಟ್ ಉರಿಸಿದರೆ ಅವು ನೀರು ಕುಡಿಯದೆ ವಾಪಸ್ ಹೋಗುತ್ತವೆ. ಅದನ್ನು ಕಣ್ಣಾರೆ ಕಂಡಿದ್ದೇನೆ, ಈಗಲೂ ಸಂಕಟ ಆಗುತ್ತದೆ. ಕಾಡಿನ ಅಂಚಿನ ಕೆರೆಗೂ ಇದೇ ಮಾತು. ಬೆಳಗ್ಗೆ ಬನ್ನಿ, ಸಂಜೆ ಆರಕ್ಕೆ ಜಾಗ ಬಿಡಿ.

ಬಾತಿಗುಡ್ಡ:
ಅಣ್ಣ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ನೀರಿನ ಮಾತನ್ನು ಮಗನಿಗೆ ಓದಿ ಹೇಳಿದೆ. ಹಾಗಾದರೆ ರಾತ್ರಿ ಮಲಗೋಕೆ ಎಲ್ಲಿ ಹುಡುಕಲಿ?

ಅಡಿಕೆ ಕಣ:
ಚನ್ನಗಿರಿ ಕಡೆ ತೋಟ ಇರುವ ನೆಂಟರು, ಪರಿಚಯದವರು ಇಲ್ಲದ ಮನೆ ದಾವಣಗೆರೆಯಲ್ಲಿ ಇದೆಯಾ ಅಕ್ಕ? ಯಾರನ್ನಾದರೂ ಕೇಳಿ. ಕೊಯ್ಲಿನ ಗಲಾಟೆ ಮುಗಿದಿರುತ್ತದೆ, ಕಣ ಖಾಲಿ. ಸಮತಟ್ಟು ಜಾಗ, ಬೋರ್‌ವೆಲ್ ನೀರು, ಬಚ್ಚಲು, ಮಧ್ಯರಾತ್ರಿ ಮಳೆ ಬಂದರೆ ಓಡಿ ಹೋಗೋಕೆ ಮನೆ.

ಟೆಂಟ್ ಮಾತ್ರ ಕಣದಲ್ಲೇ ಹಾಕಿ, ತೋಟದೊಳಗೆ ಬೇಡ. ತಂಪಿದೆ ಅಂತ ಮರದ ಬುಡಕ್ಕೆ ಹೋಗಬೇಡಿ. ಅಡಿಕೆ ಸೋಗೆ ಹಾಳೆ ಸಮೇತ ಅಷ್ಟು ಎತ್ತರದಿಂದ ಬೀಳುತ್ತದೆ. ತೆಂಗಿನ ಬಗ್ಗೆ ಹೇಳೋದೇ ಬೇಡ.

ಏಳುಸುತ್ತು:
ಸೂಳೆಕೆರೆಗೆ ಸಂತೇಬೆನ್ನೂರು ಮೇಲೆ ಹೋಗೋದೇ ಸರಿ. ಪುಷ್ಕರಣಿ ಬಿಡಬೇಡಿ. ಹನುಮಪ್ಪ ನಾಯಕನ ಕಾಲದ್ದು, ನೀರಿನ ನಡುವೆ ವಸಂತ ಮಂಟಪ, ಪಕ್ಕದಲ್ಲೇ ಮುಸಾಫಿರ್‌ಖಾನೆ. ನಿಮ್ಮ ಅತ್ತೆ ದಡದಲ್ಲಿ ಕೂತೇ ಎಲ್ಲ ನೋಡಬಹುದು.

ಗಾಳಿಮರ:
ಸೂಳೆಕೆರೆ ಏಷ್ಯಾದಲ್ಲೇ ಎರಡನೇ ದೊಡ್ಡ ಕೆರೆ ಅಂತಾರೆ, ಮಕ್ಕಳಿಗೆ ಹೇಳಿ.

ಸುಣ್ಣದ ಗುಡಿ:
ಏಷ್ಯಾ ಲೆಕ್ಕ ಎಲ್ಲರೂ ಹೇಳುತ್ತಾರೆ. ಅದಕ್ಕಿಂತ ಏರಿ ತೋರಿಸಿ. ಅಷ್ಟು ದೊಡ್ಡ ನೀರಿಗೆ ಏರಿ ಎಷ್ಟು ಗಿಡ್ಡ ನೋಡಿ! ಎರಡು ಗುಡ್ಡಗಳ ನಡುವಿನ ಸಂದು ಮುಚ್ಚಿದರು, ಮಿಕ್ಕಿದ್ದನ್ನು ಗುಡ್ಡವೇ ಹಿಡಿದುಕೊಂಡಿತು. ಜಾಗ ಹುಡುಕಿದವರ ಕಣ್ಣು ಎಂಥದ್ದು ಅಂತ ಅಲ್ಲಿ ನಿಂತರೆ ಗೊತ್ತಾಗುತ್ತದೆ. ಹರಿದ್ರಾ ಹಳ್ಳದ ನೀರು ಅದು, ಈಗ ಭದ್ರಾ ನಾಲೆಯಿಂದಲೂ ಬರುತ್ತದೆ. ದುರ್ಗದ ನಲ್ಲಿಗೂ ಈ ಕೆರೆಯಿಂದ ನೀರು ಹೋಗುತ್ತದೆ. ಹಾಗಾಗಿ ದಡದಲ್ಲಿ ಪಾತ್ರೆ ತೊಳೆಯೋದು, ಸೋಪು ಹಚ್ಚೋದು ದಯವಿಟ್ಟು ಬೇಡ.

ಮಿರ್ಚಿ ಮಂಡಕ್ಕಿ:
ಬುತ್ತಿಗೆ ಏನು ಅಂತ ಯಾರೂ ಹೇಳಲೇ ಇಲ್ಲ! ಹೊರಡುವ ಮುಂಚೆ ಭಟ್ಟಿಯಿಂದ ಬಿಸಿ ಮಂಡಕ್ಕಿ ಒಂದು ಚೀಲ ತಗೊಳ್ಳಿ. ಹಗುರ, ಬಿಸಿಲಿಗೆ ಹಳಸಲ್ಲ. ಈರುಳ್ಳಿ, ಹುರಿಗಡಲೆ ಪುಡಿ, ನಿಂಬೆಹಣ್ಣು ಇದ್ದರೆ ಐದು ನಿಮಿಷಕ್ಕೆ ತಿಂಡಿ ರೆಡಿ.

ಪೀಣ್ಯದ ದುರ್ಗದವ:
ಬೆಣ್ಣೆ ದೋಸೆ ತಿಂದು ಹೊರಟರೆ ಮಧ್ಯಾಹ್ನದವರೆಗೆ ಏನೂ ಬೇಡ ಬಿಡಿ.

ಮಿರ್ಚಿ ಮಂಡಕ್ಕಿ:
ಬೆಣ್ಣೆ ದೋಸೆ ತಿಂದು ಬಿಸಿಲಲ್ಲಿ ಕಾರು ಹತ್ತಿದರೆ ಹಿಂದಿನ ಸೀಟಿನ ಮಕ್ಕಳು ಹೊಳಲ್ಕೆರೆ ತಲುಪುವ ಮೊದಲೇ ವಾಂತಿ ಮಾಡುತ್ತಾರೆ. ದೋಸೆ ತಿನ್ನೋದು ಸುತ್ತು ಮುಗಿಸಿ ಊರಿಗೆ ವಾಪಸ್ ಬಂದ ಮೇಲೆ.

ಏಳುಸುತ್ತು:
ಕೋಟೆ ವಿಷಯಕ್ಕೆ ಬರೋಣ. ಬೆಳಗ್ಗೆ ಗೇಟು ತೆಗೆಯುವ ಹೊತ್ತಿಗೇ ಹೋಗಿ. ಒಳಗೆ ರಾತ್ರಿ ಉಳಿಯೋಕೆ ಇಲ್ಲ, ಪುರಾತತ್ವ ಇಲಾಖೆಯ ಜಾಗ ಅದು. ಎಲ್ಲರೂ ಮಕ್ಕಳಿಗೆ ಓಬವ್ವನ ಕಿಂಡಿ ತೋರಿಸಿ ಫೋಟೊ ತೆಗೆದು ಇಳಿದುಬಿಡುತ್ತಾರೆ. ಬೇಸಿಗೆಯಲ್ಲಿ ಬಂದವರು ಹೊಂಡ ನೋಡಬೇಕು. ಮೇಲಿನ ಬಂಡೆಗಳ ಮಳೆನೀರು ಗೋಪಾಲಸ್ವಾಮಿ ಹೊಂಡಕ್ಕೆ, ಅದು ತುಂಬಿದರೆ ಅಕ್ಕ ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಊರಿನ ಸಿಹಿನೀರು ಹೊಂಡ, ಸಂತೆ ಹೊಂಡಕ್ಕೆ. ಮಳೆ ಕಡಿಮೆ ಇರುವ ಊರಲ್ಲಿ ಒಂದು ಹನಿಯನ್ನೂ ಪೋಲು ಮಾಡದ ಹಾಗೆ ಕಟ್ಟಿದ್ದಾರೆ. 1779ರಲ್ಲಿ ಹೈದರಾಲಿ ಕೈಗೆ ಹೋಗುವವರೆಗೆ ನಾಯಕರು ಅಷ್ಟು ವರ್ಷ ಆಳಿದ್ದು ಬರೀ ಗೋಡೆಯ ಬಲದಿಂದಲ್ಲ, ಈ ನೀರಿನ ಬಲದಿಂದಲೂ.

ಅತ್ತೆಯವರಿಗೆ ಕೋಟೆ ಹತ್ತೋದು ಕಷ್ಟ. ಅವರಿಗೆ ಚಂದ್ರವಳ್ಳಿ. ಊರಿಂದ ಹತ್ತಿರ, ಕೆರೆವರೆಗೂ ಗಾಡಿ ಹೋಗುತ್ತದೆ. ಕದಂಬರ ಮಯೂರಶರ್ಮ ಕೆರೆ ಕಟ್ಟಿಸಿದ ಶಾಸನ ಅಲ್ಲೇ ಬಂಡೆ ಮೇಲಿದೆ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆದಿದ್ದೂ ಅಲ್ಲೇ. ಅಂಕಲಿ ಮಠದ ಗುಹೆಗೆ ಮಕ್ಕಳು ಟಾರ್ಚ್ ಹಿಡಿದು ಹೋಗಲಿ.

ನೀಲಕಂಠ:
ಬಂಡೆಗಳ ಮೇಲ್ಭಾಗ ನೋಡೋದು ಮರೆಯಬೇಡಿ. ಹೆಜ್ಜೇನು ತಟ್ಟಿ ಕಂಡರೆ ಅದರ ಕೆಳಗೆ ನಿಲ್ಲಬೇಡಿ. ಹೊಗೆ ಬೇಡ, ಕೂಗಾಟ ಬೇಡ, ಸೆಂಟ್ ಹಾಕಿಕೊಂಡು ಹೋಗಬೇಡಿ. ಹದ್ದು ತಟ್ಟಿಗೆ ಬಡಿದರೂ ಅವು ಏಳುತ್ತವೆ. ಎದ್ದರೆ ಮುಖ ಮುಚ್ಚಿಕೊಂಡು ಕಾರಿನ ಕಡೆ ಓಡಬೇಕು, ಕೈ ಬೀಸಬಾರದು.

ಗೇರ್ ಬಾಕ್ಸ್:
ಗ್ಯಾರೇಜ್ ಇಟ್ಟವನು ನಾನು. ಟೈರ್ ಗಾಳಿ ಬೆಳಗ್ಗೆ ಗಾಡಿ ಓಡಿಸುವ ಮೊದಲು ಚೆಕ್ ಮಾಡಿಸಿ. ಬಿಸಿಲಲ್ಲಿ ಓಡಿ ಬಂದ ಟೈರಿನಲ್ಲಿ ಗಾಳಿ ಜಾಸ್ತಿ ತೋರಿಸುತ್ತದೆ. ಅದನ್ನು ನೋಡಿ ಇಳಿಸಿದರೆ ತಣ್ಣಗಾದ ಮೇಲೆ ಕಡಿಮೆಯಾಗಿರುತ್ತದೆ, ಆಮೇಲೆ ಇನ್ನೂ ಜಾಸ್ತಿ ಕಾಯುತ್ತದೆ. ಬ್ಲಾಸ್ಟ್ ಆಗೋದು ಹೀಗೇ. ಕೂಲೆಂಟ್ ಮುಚ್ಚಳ ಬಿಸಿ ಇದ್ದಾಗ ತೆಗೆಯಬೇಡಿ.

ವೇದಾವತಿ ದಡ:
ಹಿರಿಯೂರಿನವರು ನಾವು. ಮಾರಿಕಣಿವೆಗೆ ಸ್ವಾಗತ! ಎರಡು ಗುಡ್ಡಗಳ ಸಂದಿಗೆ ಅಡ್ಡ ಕಟ್ಟಿದ ಕಲ್ಲಿನ ಅಣೆಕಟ್ಟು, ಮೈಸೂರು ಮಹಾರಾಜರ ಕಾಲದ್ದು, 1907ರಲ್ಲಿ ಮುಗಿಯಿತು. ಕಣಿವೆ ಮಾರಮ್ಮನಿಗೆ ಕೈ ಮುಗಿದು ಮೇಲೆ ಹೋಗಿ. ಸಂಜೆ ಗಾಳಿ ಬಿಸಿಲಿನ ಆಯಾಸ ಎಲ್ಲ ಇಳಿಸುತ್ತದೆ.

ಗಾಳಿಮರ:
80 ವರ್ಷದ ಮೇಲೆ ಕೋಡಿ ಬಿತ್ತಲ್ಲ, ಆ ಡ್ಯಾಮ್ ತಾನೆ?

ವೇದಾವತಿ ದಡ:
89 ವರ್ಷ. 1933ರಲ್ಲಿ ತುಂಬಿದ್ದು, ಆಮೇಲೆ 2022ರ ಸೆಪ್ಟೆಂಬರ್‌ನಲ್ಲಿ ಕೋಡಿ ಬಿತ್ತು. 130 ಅಡಿಗೆ ಕೋಡಿ. 2025ರ ಜನವರಿಯಲ್ಲೂ ಬಿತ್ತು. 2022ರಲ್ಲಿ ನಮ್ಮ ಊರಿನ ಮುದುಕರು ನೋಡೋಕೆ ಹೋಗಿ ಅತ್ತರು. ಅವರ ಅಪ್ಪಂದಿರು ಹೇಳಿದ್ದನ್ನು ಕೇಳಿದ್ದು ಬಿಟ್ಟರೆ ಯಾರೂ ಕಂಡಿರಲಿಲ್ಲ. ಬತ್ತಿದ ಹೊಳೆ ನೋಡುತ್ತಾ ಬೆಳೆದವರಿಗೆ ಅದು ಎಂಥ ದಿನ ಅಂತ ಬೇರೆಯವರಿಗೆ ಹೇಳಿದರೆ ತಿಳಿಯಲ್ಲ.

ಒಂದು ಎಚ್ಚರಿಕೆ. ಹಿನ್ನೀರಿಗೆ ಮಕ್ಕಳನ್ನು ಇಳಿಸಬೇಡಿ. ದಡದಲ್ಲಿ ಮೊಣಕಾಲು ಆಳ ಕಾಣುತ್ತದೆ, ಎರಡು ಹೆಜ್ಜೆ ಮುಂದೆ ಹಳೆ ಗುಂಡಿ, ಕೆಸರು. ಟೆಂಟ್‌ಗೆ ದಡಕ್ಕಿಂತ ಕೆಳಗಿನ ತೆಂಗಿನ ತೋಟದವರನ್ನು ಕೇಳಿ. ಮನೆ ಮುಂದೆ ಮಲಗುತ್ತೇವೆ ಅಂದರೆ ಬೇಡ ಅನ್ನುವವರು ಕಡಿಮೆ.

ಬಿಳಿ ಕೋಟು:
ನರ್ಸ್ ಕೆಲಸ ಮಾಡುತ್ತೇನೆ, ಬೇಸಿಗೆಯಲ್ಲಿ ನಮ್ಮ ವಾರ್ಡಿನಲ್ಲಿ ನೋಡೋದನ್ನು ಹೇಳುತ್ತೇನೆ. ಒಬ್ಬರಿಗೆ ದಿನಕ್ಕೆ ಕನಿಷ್ಠ 4 ಲೀಟರ್ ಕುಡಿಯುವ ನೀರು ಲೆಕ್ಕ ಹಾಕಿ. ಓಆರ್‌ಎಸ್ ಪೊಟ್ಟಣ ಇರಲಿ. ವಯಸ್ಸಾದವರು ಮೂತ್ರಕ್ಕೆ ಜಾಗ ಸಿಗಲ್ಲ ಅಂತ ನೀರು ಕುಡಿಯೋದನ್ನೇ ಬಿಡುತ್ತಾರೆ. ಅತ್ತೆಯವರನ್ನು ನೀವೇ ಕೇಳಿ ಕೇಳಿ ಕುಡಿಸಿ, ಎರಡು ಗಂಟೆಗೊಮ್ಮೆ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ. ಬಿಪಿ ಮಾತ್ರೆ ತಗೊಳ್ಳುತ್ತಿದ್ದರೆ ಹೊರಡುವ ಮೊದಲು ಡಾಕ್ಟರ್ ಹತ್ತಿರ ಒಂದು ಮಾತು ಕೇಳಿ. ಬೆವರು ನಿಂತು ಮೈ ಸುಡುತ್ತಿದ್ದರೆ, ಮಾತು ತೊದಲಿದರೆ ಮನೆಮದ್ದು ಬೇಡ. ನೆರಳಿಗೆ ತಂದು ಮೈ ಒದ್ದೆ ಮಾಡಿ, ಗಾಳಿ ಬೀಸುತ್ತಾ 108ಕ್ಕೆ ಫೋನ್ ಮಾಡಿ.

ಟೆಂಟಿನ ಜಿಪ್ ಯಾವಾಗಲೂ ಹಾಕಿರಲಿ. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರ ಹತ್ತಿರ ಬರುತ್ತದೆ. ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗಲ್ಲ, ಬೆಳಗಿನ ಜಾವ ಹೊಟ್ಟೆನೋವು ಅಂತಾರೆ, ರೆಪ್ಪೆ ಜೋತು ಬೀಳುತ್ತದೆ. ಕಟ್ಟು ಕಟ್ಟೋದು, ಕೊಯ್ಯೋದು, ಮಂತ್ರ ಹಾಕಿಸೋದು ಯಾವುದೂ ಬೇಡ. ಸೀದಾ ಆಸ್ಪತ್ರೆ. ಬೆಳಗ್ಗೆ ಬೂಟು ಕೊಡವಿ ಹಾಕಿಕೊಳ್ಳಿ, ಚೇಳು ಇರುತ್ತದೆ.

ಪೀಣ್ಯದ ದುರ್ಗದವ:
ಇದನ್ನೇ ನಾನು ಮೊದಲು ಹೇಳಿದ್ದು. ಹಾವು, ಚೇಳು, ಬಿಸಿಲು. ಇಷ್ಟೆಲ್ಲ ಯಾಕೆ ಬೇಕು? ಒಂದು ಲಾಡ್ಜ್ ಮಾಡಿ.

ಕಮರದ ನೆರಳು:
ತಮ್ಮಾ, ಹೊಲದಲ್ಲಿ ರಾತ್ರಿ ನೀರು ಕಟ್ಟುವವರು, ಕುರಿ ಮಂದೆ ಜೊತೆ ಬಯಲಲ್ಲಿ ಮಲಗುವವರು ನಮ್ಮವರೇ ಅಲ್ವಾ? ಅವರು ಎಚ್ಚರದಿಂದ ಬದುಕುತ್ತಾರೆ. ಆ ಎಚ್ಚರ ಮಕ್ಕಳಿಗೂ ಬರಲಿ. ಹೆದರಿಸಿ ಮನೆಯೊಳಗೆ ಕೂರಿಸಿದರೆ ಅವರಿಗೆ ನೆಲದ ಪರಿಚಯ ಆಗೋದು ಯಾವಾಗ?

ಪೀಣ್ಯದ ದುರ್ಗದವ:
ಆ ಮಾತು ಒಪ್ಪಿದೆ ಅಣ್ಣ. ಆದರೂ ಅತ್ತೆಯವರಿಗೆ ಒಂದು ರಾತ್ರಿಯಾದರೂ ಮಂಚ ಸಿಗಲಿ.

ಶೇಂಗಾ ಹೊಲ:
ಮೇ ಹತ್ತಿರ ಹೋಗುತ್ತೀರಿ ಅಂದರೆ ಭರಣಿ ಮಳೆ. ಭರಣಿ ಬಂದರೆ ಧರಣಿಯೆಲ್ಲ ಬೆಳೆ ಅಂತ ನಾವು ಆಕಾಶ ನೋಡುತ್ತಿರುತ್ತೇವೆ, ನಿಮಗೆ ಅದೇ ತೊಂದರೆ. ಮಧ್ಯಾಹ್ನ ಧಗೆ ಜೋರಾಗಿ ಗಾಳಿ ನಿಂತರೆ ಸಂಜೆ ಗುಡುಗು ಗ್ಯಾರಂಟಿ. ಸಿಡಿಲು ಶುರುವಾದರೆ ಟೆಂಟ್ ಬಿಟ್ಟು ಕಾರೊಳಗೆ ಕೂರಿ. ಒಂಟಿ ಮರದ ಕೆಳಗೆ ನಿಲ್ಲಬೇಡಿ. ಒಣಗಿದ ಹಳ್ಳದ ಮರಳು ಮೆತ್ತಗಿದೆ ಅಂತ ಅಲ್ಲಿ ಮಲಗಬೇಡಿ, ಮೇಲೆಲ್ಲೋ ಬಿದ್ದ ಮಳೆ ಇಲ್ಲಿಗೆ ಬರುತ್ತದೆ. ಎರೆ ಹೊಲಕ್ಕೆ ಕಾರು ಇಳಿಸಬೇಡಿ. ಹತ್ತು ನಿಮಿಷ ಮಳೆ ಬಂದರೆ ಟ್ರ್ಯಾಕ್ಟರ್ ಕರೆಸಬೇಕು.

ಸುಣ್ಣದ ಗುಡಿ:
ಬಂಡೆ ಮೇಲೂ ಟೆಂಟ್ ಹಾಕಬೇಡಿ. ದಿನವಿಡೀ ಕಾದ ಕಲ್ಲು ಮಧ್ಯರಾತ್ರಿವರೆಗೂ ಬಿಸಿ ಬಿಡುತ್ತಿರುತ್ತದೆ. ಮಣ್ಣಿನ ನೆಲ, ಗಾಳಿ ಆಡುವ ಕಡೆ.

ಗಾಳಿಮರ:
ಹುಣಸೆ ಮರದ ಕೆಳಗೂ ಬೇಡ, ದೆವ್ವ ಇರುತ್ತೆ ಅಂತ ನಮ್ಮಜ್ಜಿ.

ಅಡಿಕೆ ಕಣ:
ಮಧ್ಯಾಹ್ನ ಹುಣಸೆ ನೆರಳಿನಷ್ಟು ತಂಪು ಬೇರೆ ಇಲ್ಲ. ಕುರಿ ಕಾಯುವವರು ಅಲ್ಲೇ ಮಲಗುತ್ತಾರೆ. ರಾತ್ರಿ ಬೇಡ ಅಂದಿದ್ದನ್ನೂ ಇಟ್ಟುಕೊಳ್ಳೋಣ, ಹಳೇ ಮರದ ಒಣ ಕೊಂಬೆ ಗಾಳಿಗೆ ಮುರಿದು ಬೀಳುತ್ತದೆ.

ಶೇಂಗಾ ಹೊಲ:
ಚಳ್ಳಕೆರೆ ದಾಟಿದ ಮೇಲೆ ಕಾವಲು ಸಿಗುತ್ತದೆ. ಸುಮ್ನೆ ಬಯಲು ಅಂತ ಮುಂದೆ ಹೋಗಬೇಡಿ. ಮೈಸೂರು ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ, ಟಿಪ್ಪು ಕಾಲಕ್ಕೆ ಅಮೃತ್ ಮಹಲ್ ಅಂತ ಆದ ದನಗಳಿಗೆ ಬಿಟ್ಟ ಹುಲ್ಲುಗಾವಲು ಇವು. ಆ ಎತ್ತುಗಳು ಫಿರಂಗಿ ಎಳೆದವು. ಇವತ್ತಿಗೂ ಸುತ್ತಲಿನ ಹಳ್ಳಿಗಳ ಕುರಿ, ದನ ಈ ಹುಲ್ಲಿನ ಮೇಲೆ ನಿಂತಿವೆ. ಕಾವಲನ್ನು ಬಂಜರು ಅಂತ ಬರೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಗೌಜಲಹಕ್ಕಿ, ಮೊಲ, ನರಿ, ತೋಳ ಎಲ್ಲ ಬದುಕಿದ್ದು ಮರ ಇಲ್ಲದ ಈ ಜಾಗದಲ್ಲೇ. ಇಲ್ಲಿ ಮರ ನೆಡಿ ಅಂತ ಬರೋದೂ ತಪ್ಪು.

ಕುದಾಪುರ ಕಡೆ ಕಾಂಪೌಂಡ್ ಕಂಡರೆ ಹತ್ತಿರ ನಿಲ್ಲಿಸಬೇಡಿ. ರಕ್ಷಣಾ, ವಿಜ್ಞಾನ ಸಂಸ್ಥೆಗಳ ಜಾಗ. ಡ್ರೋನ್ ಅಂತೂ ಬೇಡವೇ ಬೇಡ.

ಏಳುಸುತ್ತು:
ಕಾವಲಿನ ಮಾತು ನೂರಕ್ಕೆ ನೂರು ನಿಜ.

ಬ್ರಹ್ಮಗಿರಿಗೆ ಬೆಳಗ್ಗೆಯೇ ತಲುಪಿ. ಅಶೋಕನ ಶಾಸನ ಬಂಡೆ ಮೇಲಿದೆ, ಜಾಸ್ತಿ ಹತ್ತಬೇಕಾಗಿಲ್ಲ. ಶಾಸನತಜ್ಞ ಬಿ.ಎಲ್. ರೈಸ್ 1892ರಲ್ಲಿ ಇದನ್ನೂ, ಹತ್ತಿರದ ಸಿದ್ದಾಪುರ, ಜಟಿಂಗ ರಾಮೇಶ್ವರದ ಶಾಸನಗಳನ್ನೂ ಗುರುತಿಸಿದರು. ಇದರಲ್ಲಿ ಇಸಿಲ ಅಂತ ಊರಿನ ಹೆಸರು ಬರುತ್ತದೆ. ಬರೆದವನು ಚಪಡ. ಬ್ರಾಹ್ಮಿಯಲ್ಲಿ ಎಲ್ಲ ಬರೆದು, ಕೊನೆಗೆ ತಾನು ಲಿಪಿಕಾರ ಅಂತ ಹೇಳೋದನ್ನು ಮಾತ್ರ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಅದು ಆಗ ವಾಯುವ್ಯದ ಗಾಂಧಾರದ ಕಡೆ ಓಡುತ್ತಿದ್ದ ಲಿಪಿ. ಮೊಳಕಾಲ್ಮುರಿನ ಬಂಡೆ ಮೇಲೆ! 2,200 ವರ್ಷಕ್ಕೂ ಹಿಂದೆ! ಜೀವಿಗಳ ಮೇಲೆ ದಯೆ ಇರಲಿ, ತಂದೆ ತಾಯಿ ಮಾತು ಕೇಳಿ ಅಂತಲೂ ಅದರಲ್ಲಿದೆ. ಮಕ್ಕಳಿಗೆ ಅದನ್ನು ಓದಿ ಹೇಳಿ.

ಗಾಳಿಮರ:
ಹಾಗೇ ಹರಪನಹಳ್ಳಿ ಪಕ್ಕ ಬಾಗಳಿ ಕಲ್ಲೇಶ್ವರ ನೋಡಿ, ಅದೂ ನಮ್ಮ ಜಿಲ್ಲೆಯೇ.

ಸುಣ್ಣದ ಗುಡಿ:
ಹರಪನಹಳ್ಳಿ 2018ರಲ್ಲೇ ಬಳ್ಳಾರಿಗೆ ಹೋಯಿತು, ಈಗ ವಿಜಯನಗರ ಜಿಲ್ಲೆ. ಗುಡಿ ಮಾತ್ರ ನೋಡಲೇಬೇಕು. ಆದರೆ ಅವರಿಗೆ ಇರೋದು ಮೂರು ರಾತ್ರಿ, ತುರುಕಬೇಡಿ.

ಬಾತಿಗುಡ್ಡ:
ಎಲ್ಲರಿಗೂ ದೊಡ್ಡ ನಮಸ್ಕಾರ. ಮನೆಯಲ್ಲಿ ಕೂತು ಎಲ್ಲ ಓದಿದೆವು. ಮೊದಲ ರಾತ್ರಿ ಚನ್ನಗಿರಿ ಹತ್ತಿರ ನಮ್ಮ ಚಿಕ್ಕಮ್ಮನ ಕಣದಲ್ಲಿ ಟೆಂಟ್. ಎರಡನೇ ರಾತ್ರಿ ದುರ್ಗದಲ್ಲಿ ರೂಮು, ಅತ್ತೆಗೆ ಮಂಚ, ಮರುದಿನ ಬೆಳಗ್ಗೆ ನಮಗೆ ಕೋಟೆ. ಮೂರನೇ ರಾತ್ರಿ ಹಿರಿಯೂರು ಕಡೆ ಯಾರಾದರೂ ತೋಟದವರನ್ನು ಕೇಳುತ್ತೇವೆ. ಜೋಗಿಮಟ್ಟಿಗೆ ಅನುಮತಿ ಸಿಕ್ಕರೆ ಹಗಲಲ್ಲಿ ಹೋಗಿ ಬರೋದು. ರಂಗಯ್ಯನದುರ್ಗ ಈ ಬೇಸಿಗೆಗೆ ಬಿಟ್ಟೆವು. ಮಗಳು ಅತ್ತಳು, ಕೊಂಡುಕುರಿ ನೋಡಬೇಕಂತೆ. ಅದಕ್ಕೆ ನೀರು ಬೇಕಲ್ಲ ಅಂತ ಅವಳ ಅಣ್ಣನೇ ತಿಳಿಸಿ ಹೇಳಿದ.

ಒಂದು ಕೊನೆ ಪ್ರಶ್ನೆ. ತೋಟದವರಿಗೆ ದುಡ್ಡು ಕೊಡಬೇಕಾ? ಕೊಟ್ಟರೆ ಬೇಜಾರು ಮಾಡಿಕೊಳ್ಳುತ್ತಾರಾ?

ವೇದಾವತಿ ದಡ:
ದುಡ್ಡು ಮುಂದೆ ಹಿಡಿದರೆ ಬೇಜಾರಾಗುತ್ತದೆ ಅಕ್ಕ. ಮಕ್ಕಳಿರುವ ಮನೆಯಾದರೆ ದಾವಣಗೆರೆ ಖಾರ, ಮಂಡಕ್ಕಿ ತಗೊಂಡು ಹೋಗಿ. ಎಳನೀರು ಕುಡಿದರೆ ಅದರ ದುಡ್ಡು ಕೊಟ್ಟೇ ಬನ್ನಿ, ಅದು ಅವರ ಬೆಳೆ.

ಕಮರದ ನೆರಳು:
ಮಗಳಿಗೆ ಹೇಳಿ ತಂಗೀ: ಮಳೆ ಹಿಡಿದು ಹಳ್ಳ ತುಂಬಿದ ಮೇಲೆ, ಇಲಾಖೆ ಅನುಮತಿ ತಗೊಂಡು ಬೆಳಗ್ಗೆ ಬನ್ನಿ. ನಾನೂ ಜೊತೆಗೆ ಬರುತ್ತೇನೆ.

ಗೇರ್ ಬಾಕ್ಸ್:
ಸ್ಟೆಪ್ನಿಗೆ ಗಾಳಿ ಇದೆಯಾ ನೋಡಿಸಿಕೊಳ್ಳಿ ಮೇಡಂ. ಎಲ್ಲರೂ ನಾಲ್ಕು ಟೈರ್ ನೋಡಿಸಿ ಐದನೆಯದು ಬಿಡುತ್ತಾರೆ. ಬಳ್ಳಾರಿ ಜಾಲಿ ಮುಳ್ಳು ಟೈರನ್ನೂ ಬಿಡಲ್ಲ, ಚಪ್ಪಲಿಯನ್ನೂ ಬಿಡಲ್ಲ. ಮಕ್ಕಳಿಗೆ ದಪ್ಪ ಅಟ್ಟೆಯ ಶೂ ಹಾಕಿಸಿ.